ಮಲೆನಾಡಿನ ಮಳೆಗಾಲಕ್ಕೆ ಚರ್ಮದ ಫಾರ್ಮಲ್ ಶೂ: ಯಾವುದು ಕೊಳ್ಳೋದು, ಬೂಷ್ಟು ಹಿಡಿಯದ ಹಾಗೆ ಹೇಗೆ ಇಟ್ಕೊಳ್ಳೋದು?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಕಪ್ಪು ಚರ್ಮದ ಫಾರ್ಮಲ್ ಶೂ ಒಂದು ಜೊತೆ ಬೇಕಾಗಿದೆ. ಮನೆ ತೀರ್ಥಹಳ್ಳಿ ಹತ್ತಿರ, ಕೆಲಸ ಶಿವಮೊಗ್ಗದಲ್ಲಿ, ವಾರಕ್ಕೆ ಐದು ದಿನ ಹಾಕಬೇಕು. ಮನೆಯಿಂದ ಬಸ್ಸಿನ ರಸ್ತೆವರೆಗೆ ತೋಟದ ದಾರಿ. ಬಜೆಟ್ 10,000 ರೂಪಾಯಿ ಆಸುಪಾಸು. ಅಂಗಡಿಯಲ್ಲಿ ಎಲ್ಲದಕ್ಕೂ "ಪ್ಯೂರ್ ಲೆದರ್ ಸರ್" ಅಂತಾರೆ, ನೋಡಿ ಗುರುತಿಸುವುದು ಹೇಗೆ? ಮಳೆಗಾಲದಲ್ಲಿ ಬೀರುವಿನಲ್ಲಿಟ್ಟ ಶೂ ಮೇಲೆ ಬಿಳಿ ಕಟ್ಟದಂತೆ ಏನು ಮಾಡಬೇಕು? ತಿಳಿದವರು ವಿವರವಾಗಿ ಹೇಳಿ.

ವೆಲ್ಟ್‌ಪ್ರಿಯ:
ತುಂಗಾತೀರ ಅವರೇ, ಎಲ್ಲರೂ ಮೊದಲು ಮೇಲಿನ ಚರ್ಮ ನೋಡ್ತಾರೆ. ನಮ್ಮ ಕಡೆಗೆ ಕೊಳ್ಳುವವರು ಮೊದಲು ಶೂ ತಿರುಗಿಸಿ ಅಟ್ಟೆ (ಸೋಲ್) ನೋಡಬೇಕು. ಅಟ್ಟೆಯನ್ನು ಮೇಲ್ಭಾಗಕ್ಕೆ ಹೇಗೆ ಕೂರಿಸಿದ್ದಾರೆ ಎಂಬುದರ ಮೇಲೆ ಶೂ ಎಷ್ಟು ಮಳೆಗಾಲ ತಾಳುತ್ತದೆ ಎಂಬುದು ನಿಂತಿದೆ. ಮುಖ್ಯವಾಗಿ ಮೂರು ವಿಧಾನ ಇವೆ.

ಒಂದು, ಬರೀ ಗಮ್ ಹಾಕಿ ಅಂಟಿಸಿದ್ದು. 2,000ದಿಂದ 4,000 ರೂಪಾಯಿಯ ಶೂಗಳಲ್ಲಿ ಬಹುಪಾಲು ಇದೇ. ಹಗುರ, ಮೊದಲ ದಿನದಿಂದಲೇ ಆರಾಮ. ಆದರೆ ಪದೇ ಪದೇ ನೆನೆದರೆ ಬೆರಳು ಮಡಚುವ ಜಾಗದಲ್ಲಿ ಗಮ್ ಬಿಡಲು ಶುರುವಾಗುತ್ತದೆ.

ಎರಡು, ಬ್ಲೇಕ್ ಹೊಲಿಗೆ. ಒಳಗಿನ ಅಟ್ಟೆಯಿಂದ ಹೊರಗಿನ ಅಟ್ಟೆಗೆ ನೇರವಾಗಿ ಒಂದೇ ಹೊಲಿಗೆ ಇಳಿದಿರುತ್ತದೆ. ಶೂ ಒಳಗೆ ಕೈ ಹಾಕಿದರೆ ದಾರದ ಸಾಲು ಬೆರಳಿಗೆ ಸಿಗುತ್ತದೆ. ನೋಡಲು ಬಲು ತೆಳುವಾಗಿ ಚಂದ. ಆದರೆ ಅಟ್ಟೆ ನೆನೆದರೆ ಆ ದಾರದ ಗುಂಟವೇ ನೀರು ಒಳಗೆ ಏರುತ್ತದೆ. ಮಲೆನಾಡಿಗೆ ಬೇಡ.

ಮೂರು, ಗುಡ್‌ಇಯರ್ ವೆಲ್ಟ್. ಒಳ ಅಟ್ಟೆಯ ಕೆಳಗೆ ಅಂಟಿಸಿದ ಕ್ಯಾನ್ವಾಸಿನ ಉಬ್ಬು ಅಂಚಿಗೆ ಮೇಲ್ಚರ್ಮವನ್ನೂ ವೆಲ್ಟ್ ಎಂಬ ಚರ್ಮದ ಪಟ್ಟಿಯನ್ನೂ ಸೇರಿಸಿ ಹೊಲಿಯುತ್ತಾರೆ. ಮಧ್ಯದ ಖಾಲಿ ಜಾಗಕ್ಕೆ ಕಾರ್ಕ್ ತುಂಬುತ್ತಾರೆ. ಆಮೇಲೆ ಹೊರ ಅಟ್ಟೆಯನ್ನು ವೆಲ್ಟ್‌ಗೆ ಮಾತ್ರ ಹೊಲಿಯುತ್ತಾರೆ. ಕಾಲು ಊರುವ ಜಾಗಕ್ಕೆ ಯಾವ ಸೂಜಿ ತೂತೂ ಬರುವುದಿಲ್ಲ, ಹಾಗಾಗಿ ನೀರಿಗೆ ನೇರ ದಾರಿ ಇಲ್ಲ. ಅಟ್ಟೆ ಸವೆದರೆ ಹೊರ ಹೊಲಿಗೆ ಬಿಚ್ಚಿ ಹೊಸದು ಹಾಕಬಹುದು. ನಿಮ್ಮ ಬಜೆಟ್‌ನಲ್ಲಿ ಚೆನ್ನೈ, ಆಂಬೂರು, ಆಗ್ರಾ ಕಡೆ ತಯಾರಾದ ವೆಲ್ಟ್ ಶೂ ಹುಡುಕಿದರೆ ಸಿಗುತ್ತದೆ.

ಒಂದು ಎಚ್ಚರಿಕೆ. ಅಂಟಿಸಿದ ಶೂಗೂ ಅಂಚಿನಲ್ಲಿ ಹೊಲಿಗೆ ಹಾಕಿದ ಪಟ್ಟಿ ಮೆತ್ತಿ ವೆಲ್ಟ್ ಥರ ತೋರಿಸುತ್ತಾರೆ. ಮೇಲೆ ಅಂಚಿನಲ್ಲಿ ಕಾಣುವ ಹೊಲಿಗೆ ಅಟ್ಟೆಯ ಕೆಳಗೂ ಬಂದಿದೆಯಾ ನೋಡಿ. ಕೆಳಗೆ ಗೀರು ತೆಗೆದು ಹೊಲಿಗೆ ಮುಚ್ಚಿರುವುದೂ ಉಂಟು, ಆಗ ಅಂಚಿನ ಒಳಗೆ ಸುತ್ತ ಒಂದು ತೆಳು ಗೆರೆ ಕಾಣಿಸುತ್ತದೆ. ಹೊಲಿಗೆಯೂ ಇಲ್ಲ ಗೆರೆಯೂ ಇಲ್ಲ ಅಂದರೆ ಅದು ಅಲಂಕಾರ ಅಷ್ಟೆ.

ಕೋರ್ಟ್‌ರಸ್ತೆ:
ವೆಲ್ಟ್‌ಪ್ರಿಯ ಅವರು ಹೇಳಿದ್ದು ಪೂರ್ತಿ ಸರಿ. ಆದರೆ ವೆಲ್ಟ್ ಅಂದಾಕ್ಷಣ ಜನ ಚರ್ಮದ ಅಟ್ಟೆಯೂ ಬೇಕು ಅಂದುಕೊಳ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಚರ್ಮದ ಅಟ್ಟೆ ತಾಳುವುದಿಲ್ಲ. ನೆನೆದ ಅಟ್ಟೆ ಮೆತ್ತಗಾಗಿ ಬಹಳ ಬೇಗ ಸವೆಯುತ್ತದೆ, ಒಣಗಲು ಎರಡು ದಿನ ಬೇಕು, ಮೊಸಾಯಿಕ್ ನೆಲದ ಮೇಲೆ ಜಾರುತ್ತದೆ. ರಬ್ಬರ್ ಅಟ್ಟೆ, ಅದರಲ್ಲೂ ಅಡಿಯಲ್ಲಿ ಗುಂಡಿ ಗುಂಡಿ ಉಬ್ಬು ಇರುವ ತೆಳು ರಬ್ಬರ್ ಅಟ್ಟೆಯ ಶೂ ತಗೊಳ್ಳಿ. ಪಕ್ಕದಿಂದ ನೋಡಿದರೆ ಚರ್ಮದ ಅಟ್ಟೆಗೂ ಅದಕ್ಕೂ ವ್ಯತ್ಯಾಸ ಕಾಣುವುದಿಲ್ಲ.

ಜಂಬಿಟ್ಟಿಗೆ:
ಪಿಯು ಸೋಲ್, ಅಂದರೆ ಪಾಲಿಯುರೆಥೇನ್ ಎಂಬ ಹಗುರ ಪ್ಲಾಸ್ಟಿಕ್ಕಿನ ಅಟ್ಟೆ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಕಡೆ ಅದೇ ದೊಡ್ಡ ಮೋಸ ಮಾಡುವುದು. ಪಾಲಿಯುರೆಥೇನ್ ಗಾಳಿಯಲ್ಲಿನ ತೇವದ ಜೊತೆ ನಿಧಾನವಾಗಿ ರಾಸಾಯನಿಕವಾಗಿ ವರ್ತಿಸಿ ಒಳಗಿನಿಂದಲೇ ತುಂಡಾಗುತ್ತಾ ಹೋಗುತ್ತದೆ. ಇದಕ್ಕೆ ಶೂ ಹಾಕಿ ನಡೆಯಬೇಕೆಂದೇನಿಲ್ಲ. ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟ ಶೂ ನಾಲ್ಕೈದು ವರ್ಷದ ಮೇಲೆ ಮದುವೆಗೆ ಅಂತ ಹಾಕಿದರೆ ಛತ್ರದ ಮೆಟ್ಟಿಲು ಹತ್ತುವಾಗ ಅಟ್ಟೆ ಪುಡಿಪುಡಿಯಾಗಿ ಉದುರುತ್ತದೆ. ಬಿಸಿಲೂರಿಗಿಂತ ತೇವದ ಊರಲ್ಲಿ ಇದು ಬೇಗ. ಆಗುಂಬೆಯಂಥ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಮಳೆ ಬೀಳುವ ಸೀಮೆಯ ಜನ ಪಿಯು ಸೋಲ್ ಶೂವನ್ನು ವಿಶೇಷ ದಿನಕ್ಕೆಂದು ಎತ್ತಿಡಲೇಬಾರದು.

ಗುರುತಿಸುವುದು ಸುಲಭ. ಅಟ್ಟೆಯ ನಡುವೆ ಪಿಯು ಅಥವಾ ಟಿಪಿಆರ್ (ರಬ್ಬರಿನಂಥ ಪ್ಲಾಸ್ಟಿಕ್) ಅಂತ ಅಚ್ಚು ಇರುತ್ತದೆ. ಇಲ್ಲದಿದ್ದರೆ ಕೈಯಲ್ಲಿ ತೂಗಿ ನೋಡಿ: ದಪ್ಪ ಅಟ್ಟೆ ಇದ್ದೂ ತೀರಾ ಹಗುರವಾಗಿದ್ದು, ಉಗುರಿನಿಂದ ಒತ್ತಿದರೆ ಒಳಗೆ ಸ್ಪಂಜಿನ ಹಾಗೆ ತಗ್ಗಿದರೆ ಪಿಯು. ರಬ್ಬರೂ ಟಿಪಿಆರೂ ತೂಕ ಇರುತ್ತವೆ, ಅವು ಹೀಗೆ ಉದುರುವುದಿಲ್ಲ.

ತುಂಗಾತೀರ:
ಇದು ಗೊತ್ತೇ ಇರಲಿಲ್ಲ, ಧನ್ಯವಾದ. ಮೇಲಿನ ಚರ್ಮ ಗುರುತಿಸುವುದು?

ಕೋರ್ಟ್‌ರಸ್ತೆ:
"ಜೆನ್ಯೂನ್ ಲೆದರ್" ಅಂತ ಅಚ್ಚು ನೋಡಿ ಮೋಸಹೋಗಬೇಡಿ ಸರ್. ಚರ್ಮದ ಕೆಳಪದರಕ್ಕೆ ಪ್ಲಾಸ್ಟಿಕ್ ಲೇಪ ಕೊಟ್ಟರೂ ಆ ಅಚ್ಚು ಒತ್ತುತ್ತಾರೆ. ನಿಮಗೆ ಬೇಕಾದದ್ದು ಫುಲ್ ಗ್ರೇನ್, ಅಂದರೆ ಮೇಲ್ಪದರವನ್ನು ಉಜ್ಜಿ ತೆಗೆಯದ ಚರ್ಮ. ಕರುವಿನ ಚರ್ಮ ಆದರೆ ಇನ್ನೂ ನಯ.

ಬೆರಳು ಮಡಚುವ ಜಾಗದಲ್ಲಿ ಹೆಬ್ಬೆರಳಿನಿಂದ ಒತ್ತಿ. ಒಳ್ಳೆ ಚರ್ಮದಲ್ಲಿ ಸುತ್ತ ಕೂದಲೆಳೆಯಂಥ ಸಣ್ಣ ಸುಕ್ಕು ಎದ್ದು, ಕೈ ತೆಗೆದ ಕೂಡಲೇ ಮಾಯವಾಗುತ್ತದೆ. ಉಜ್ಜಿ ಬಣ್ಣದ ಪದರ ಕೊಟ್ಟ ಚರ್ಮದಲ್ಲಿ ಸುಕ್ಕು ದಪ್ಪ, ಕಡಿಮೆ, ಒತ್ತಿದ ಕಡೆ ತಟ್ಟೆಯಂತೆ ತಗ್ಗುತ್ತದೆ. ಆಮೇಲೆ ನಾಲಿಗೆಯ ಅಂಚು ನೋಡಿ. ಕತ್ತರಿಸಿದ ಜಾಗದಲ್ಲಿ ನಾರು ನಾರಾಗಿ ಕಾಣಬೇಕು. ಮೇಲೊಂದು ತೆಳು ಹಾಳೆ ಬೇರೆಯಾಗಿ ಕಂಡರೆ ಅದು ಲೇಪ. ವಾಸನೆ ನಂಬಬೇಡಿ, ಅದನ್ನೂ ಸಿಂಪಡಿಸುತ್ತಾರೆ. ಅತಿಯಾಗಿ ಕನ್ನಡಿಯಂತೆ ಹೊಳೆಯುವ ಹೊಸ ಶೂ ಕಂಡರೆ ಅನುಮಾನ ಪಡಿ.

ಶೂಗೆ ಅಂಟಿಸಿದ ಚೀಟಿಯಲ್ಲಿ ಚಿತ್ರಗಳಿದ್ದರೆ ಅವೂ ಸಹಾಯಕ್ಕೆ ಬರುತ್ತವೆ. ಹರಡಿದ ತೊಗಲಿನ ಆಕಾರ ಅಂದರೆ ಚರ್ಮ. ಅದರೊಳಗೆ ವಜ್ರಾಕೃತಿ ಇದ್ದರೆ ಲೇಪ ಕೊಟ್ಟ ಚರ್ಮ. ಬರೀ ವಜ್ರಾಕೃತಿ ಅಂದರೆ ಚರ್ಮ ಅಲ್ಲ. ಮೇಲ್ಭಾಗ, ಅಸ್ತರಿ, ಅಟ್ಟೆ ಮೂರಕ್ಕೂ ಬೇರೆ ಬೇರೆ ಗುರುತು ಇರುತ್ತದೆ. ಅಸ್ತರಿಯೂ ಚರ್ಮದ್ದೇ ಇರಲಿ. ರೆಕ್ಸಿನ್ ಅಸ್ತರಿ ಬೆವರು ಹೀರುವುದಿಲ್ಲ, ಬೂಷ್ಟಿಗೆ ಅಲ್ಲೇ ಮೊದಲ ಮನೆ.

ಮೊದಲು ನೆಹರೂ ರಸ್ತೆ, ಗಾಂಧಿ ಬಜಾರ್ ಅಂಗಡಿಗಳಲ್ಲಿ ನಾಲ್ಕಾರು ಜೊತೆ ಕೈಯಲ್ಲಿ ಹಿಡಿದು ಈ ಪರೀಕ್ಷೆ ಮಾಡಿ, ಕೈಗೆ ಅಭ್ಯಾಸ ಆಗುತ್ತದೆ. ಆನ್‌ಲೈನ್ ಆಮೇಲೆ. ಸರ್ಕಾರದ ನಿಗಮದ ಲಿಡ್ಕರ್ ಶೂಗಳನ್ನೂ ನೋಡಿ, ಚರ್ಮ ಚೆನ್ನಾಗಿರುತ್ತದೆ. ಸೋಲ್ ಯಾವುದು ಅಂತ ಮಾತ್ರ ಕೇಳಿ ತಗೊಳ್ಳಿ.

ಸಾಗರ_ಎಂ:
ಅಳತೆ ಬಗ್ಗೆ ಎರಡು ಮಾತು. ನಮ್ಮಲ್ಲಿ ಅಂಗಡಿಯವರು ಬಳಸುವುದು ಯುಕೆ ಅಳತೆ, ಒಂದು ಸೈಜಿಗೂ ಮುಂದಿನದಕ್ಕೂ ಸುಮಾರು 8.5 ಮಿಲಿಮೀಟರ್ ವ್ಯತ್ಯಾಸ. ಯುರೋಪಿನ ಅಳತೆಯಲ್ಲಿ ಅದು 6.7 ಮಿಲಿಮೀಟರ್. ಅದಕ್ಕೇ 41, 42 ಅನ್ನುವುದನ್ನು 7, 8ಕ್ಕೆ ಕಣ್ಣುಮುಚ್ಚಿ ಬದಲಿಸಿದರೆ ತಪ್ಪುತ್ತದೆ.

ಬರಿಗಾಲಲ್ಲಿ, ಚಪ್ಪಲಿಯಲ್ಲಿ ಬೆಳೆದ ಪಾದ ಮುಂಭಾಗದಲ್ಲಿ ಅಗಲ. ಅಗಲ ಸಾಲದೆ ಜನ ಒಂದು ಸೈಜ್ ಉದ್ದದ್ದು ತಗೊಳ್ತಾರೆ. ಆಗ ಶೂ ಮಡಚುವ ಜಾಗವೂ ಬೆರಳ ಬುಡವೂ ಒಂದೇ ಕಡೆ ಬರುವುದಿಲ್ಲ, ಮಡಿಕೆ ಅಡ್ಡಾದಿಡ್ಡಿ ಬಿದ್ದು ಅಲ್ಲೇ ಬಿರಿಯುತ್ತದೆ. ಉದ್ದ ಸರಿಯಾದದ್ದೇ ತಗೊಂಡು ಅಗಲ ಇರುವ ಅಚ್ಚು ಹುಡುಕಿ. ಸಂಜೆ ಹೊತ್ತು, ಕಚೇರಿಗೆ ಹಾಕುವ ಕಾಲುಚೀಲ ಹಾಕಿ, ಎರಡೂ ಕಾಲಿಗೆ ಹಾಕಿ ನಡೆದು ನೋಡಿ. ಬೆರಳ ತುದಿಗೆ ಒಂದು ಸೆಂಟಿಮೀಟರ್ ಜಾಗ, ಹಿಮ್ಮಡಿ ಕೊಂಚ ಜಾರಿದರೆ ಚಿಂತೆಯಿಲ್ಲ, ಪಾದದ ಅಗಲದಲ್ಲಿ ನೋವು ಇರಕೂಡದು. ಚರ್ಮ ಅಗಲಕ್ಕೆ ಸ್ವಲ್ಪ ಬಿಡುತ್ತದೆ, ಉದ್ದಕ್ಕೆ ಬಿಡುವುದಿಲ್ಲ.

ಆಕ್ಸ್‌ಫರ್ಡ್‌ಗಿಂತ ಡರ್ಬಿ ನಿಮಗೆ ಅನುಕೂಲ, ಎರಡೂ ಲೇಸ್ ಶೂ ಮಾದರಿಗಳು. ಡರ್ಬಿಯಲ್ಲಿ ಲೇಸಿನ ಪಟ್ಟಿಗಳು ಮೇಲೆ ಬಿಡಿಯಾಗಿ ಕೂತಿರುತ್ತವೆ, ಪಾದದ ಮೇಲ್ಭಾಗ ಎತ್ತರ ಇದ್ದವರಿಗೂ ಒತ್ತುವುದಿಲ್ಲ.

ವೆಲ್ಟ್‌ಪ್ರಿಯ:
ಡರ್ಬಿಗೆ ನನ್ನದೂ ಓಟು. ಇನ್ನೊಂದು ಕಾರಣ ಇದೆ. ನಾವು ದಿನಕ್ಕೆ ಎಷ್ಟು ಸಲ ಶೂ ಕಳಚುತ್ತೇವೆ ನೋಡಿ: ಮನೆ ಜಗಲಿ, ದೇವಸ್ಥಾನ, ಯಾರದೋ ಮನೆ, ಊಟದ ಹಾಲ್. ಲೇಸ್ ಬಿಚ್ಚದೆ ಹಿಮ್ಮಡಿ ತುಳಿದು ಕಾಲು ತೂರಿಸುವುದರಿಂದ ಹಿಂಭಾಗದೊಳಗಿನ ಗಟ್ಟಿ ಹಾಳೆ ಮುರಿಯುತ್ತದೆ. ಒಮ್ಮೆ ಮುರಿದರೆ ರಿಪೇರಿ ಇಲ್ಲ, ಅಸ್ತರಿ ಹರಿದು ಕಾಲು ಉಜ್ಜಲು ಶುರು. ಬ್ಯಾಗಿನಲ್ಲಿ ಒಂದು ಚಿಕ್ಕ ಶೂಹಾರ್ನ್ ಇಟ್ಟುಕೊಳ್ಳಿ. ಡರ್ಬಿ ಎರಡು ಲೇಸ್ ಸಡಿಲಿಸಿದರೆ ಬಾಯಿ ಬಿಡುತ್ತದೆ, ಆಕ್ಸ್‌ಫರ್ಡ್ ಬಿಡುವುದಿಲ್ಲ.

ಜಂಬಿಟ್ಟಿಗೆ:
ಈಗ ಬೂಷ್ಟಿನ ವಿಷಯ. ಗಾಳಿಯ ತೇವಾಂಶ 70 ಶೇಕಡಾ ದಾಟಿದ ಮೇಲೆ ಬೂಷ್ಟಿಗೆ ಬೇಕಾದದ್ದು ತಿನ್ನಲು ಏನಾದರೂ, ಮತ್ತು ಅಲುಗದ ಗಾಳಿ. ಬೆವರು, ಧೂಳು, ಪಾಲಿಶ್‌ನ ಕೊಬ್ಬು ತಿಂಡಿ. ಮುಚ್ಚಿದ ಬೀರು ಉಳಿದದ್ದನ್ನು ಒದಗಿಸುತ್ತದೆ. ಶೂ ಬಂದ ರಟ್ಟಿನ ಪೆಟ್ಟಿಗೆ ತೇವ ಹೀರಿ ಹಿಡಿದಿಡುತ್ತದೆ. ಮಳೆಗಾಲದಲ್ಲಿ ಅದರಲ್ಲಿ ಇಡಬೇಡಿ. ನುಸಿಗುಳಿಗೆ ಹುಳಕ್ಕೆ ಮಾತ್ರ, ಬೂಷ್ಟಿಗೆ ಅಲ್ಲ.

ಮೊದಲು ಅದು ಬೂಷ್ಟೇ ಹೌದಾ ನೋಡಿ. ಚರ್ಮದೊಳಗಿನ ಕೊಬ್ಬು ಚಳಿಗೆ ಮೇಲೆ ಬಂದು ಬಿಳಿಪುಡಿ ಥರ ಕೂರುವುದೂ ಉಂಟು, ನೋಡಲು ಎರಡೂ ಒಂದೇ. ಕೂದಲು ಒಣಗಿಸುವ ಡ್ರೈಯರನ್ನು ಒಂದು ಗೇಣು ದೂರ ಹಿಡಿದು ಅರ್ಧ ನಿಮಿಷ ಬಿಸಿಗಾಳಿ ಬಿಡಿ. ಬಿಳಿ ಕರಗಿ ಚರ್ಮದೊಳಗೆ ಇಂಗಿದರೆ ಅದು ಕೊಬ್ಬು, ಬಟ್ಟೆಯಿಂದ ಒರೆಸಿ ಬ್ರಷ್ ಹಾಕಿದರೆ ಮುಗಿಯಿತು. ಹಾಗೇ ಉಳಿದರೆ, ಮುಗ್ಗಲು ವಾಸನೆ ಇದ್ದರೆ, ಓರೆಯಾಗಿ ಬೆಳಕಿಗೆ ಹಿಡಿದಾಗ ನವಿರು ಎಳೆ ಕಂಡರೆ ಬೂಷ್ಟು.

ಬೂಷ್ಟು ತೆಗೆಯುವಾಗ ಅಂಗಳಕ್ಕೆ ಒಯ್ಯಿರಿ, ಮೂಗಿಗೆ ಬಟ್ಟೆ ಕಟ್ಟಿ. ಮನೆಯೊಳಗೆ ಬ್ರಷ್ ಹೊಡೆದರೆ ಬೀಜಕಣ ಉಳಿದ ಶೂಗಳ ಮೇಲೆ ಹೋಗಿ ಕೂರುತ್ತದೆ. ಲೇಸ್ ಬಿಚ್ಚಿ, ಒಳಗೆ ಬಿಡಿ ಹಾಳೆ ಇದ್ದರೆ ತೆಗೆದು, ಬೇರೆಯೇ ಒಂದು ಬ್ರಷ್‌ನಿಂದ ಒಣದಾಗಿ ಉಜ್ಜಿ. ಮೆಡಿಕಲ್ ಶಾಪಿನ ಸರ್ಜಿಕಲ್ ಸ್ಪಿರಿಟ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆಗೆ ತೇವ ಹತ್ತುವಷ್ಟು ಮಾಡಿ ಒಳಗೂ ಹೊರಗೂ ಒರೆಸಿ. ಮೊದಲು ನಾಲಿಗೆಯ ಒಳಬದಿಗೆ ಹಚ್ಚಿ ಬಣ್ಣ ಬಿಡುತ್ತದಾ ನೋಡಿ, ಸ್ಪಿರಿಟ್ ಕೆಲವು ಬಣ್ಣದ ಪದರ ಎಬ್ಬಿಸುತ್ತದೆ. ನೆರಳಲ್ಲಿ ಫ್ಯಾನಿನ ಗಾಳಿಗೆ ಎರಡು ದಿನ. ಮತ್ತೊಮ್ಮೆ ಒರೆಸಿ ಒಣಗಿಸಿ. ಸ್ಪಿರಿಟ್ ಚರ್ಮವನ್ನು ಒಣಗಿಸುವುದರಿಂದ ಆಮೇಲೆ ಕ್ರೀಮ್ ಹಚ್ಚಲೇಬೇಕು. ಬೀರುವಿನ ಹಲಗೆಯನ್ನೂ ಅದೇ ಸ್ಪಿರಿಟ್‌ನಲ್ಲಿ ಒರೆಸಿ. ಇದನ್ನು ಬಿಟ್ಟವರಿಗೆ ಹದಿನೈದು ದಿನದಲ್ಲಿ ಬೂಷ್ಟು ವಾಪಸ್.

ಕೋರ್ಟ್‌ರಸ್ತೆ:
ಬೀರುವಿನ ತಳದಲ್ಲಿ ಒಂದು 15 ವ್ಯಾಟಿನ ಹಳೇ ಮಾದರಿಯ ತಂತಿ ಬಲ್ಬ್ ಉರಿಸುವ ಉಪಾಯ ಎಲ್ಲಕ್ಕಿಂತ ಒಳ್ಳೆಯದು. ಗಾಳಿ ಬಿಸಿಯಾದರೆ ಅದರ ತೇವ ಹಿಡಿಯುವ ಶಕ್ತಿ ಹೆಚ್ಚುತ್ತದೆ. 24 ಡಿಗ್ರಿಯಲ್ಲಿ 85 ಶೇಕಡಾ ತೇವಾಂಶ ಇರುವ ಗಾಳಿಯನ್ನೇ 30 ಡಿಗ್ರಿಗೆ ತಂದರೆ ಅದು ಸುಮಾರು 60ಕ್ಕೆ ಇಳಿಯುತ್ತದೆ, ಬೂಷ್ಟಿಗೆ ಅಷ್ಟು ಸಾಲದು. ಎಲ್‌ಇಡಿ ಬಲ್ಬ್ ಬೇಡ, ಅದಕ್ಕೆ ಅಷ್ಟು ಬಿಸಿ ಇಲ್ಲ. ಕಬ್ಬಿಣದ ಬೀರುವಿಗೆ ಮಾತ್ರ ಮಾಡಿ, ಬಲ್ಬಿಗೆ ಜಾಲರಿ ಹಾಕಿ, ಬಟ್ಟೆ ಕಾಗದ ಒಂದಡಿ ದೂರ ಇರಲಿ.

ಸಾಗರ_ಎಂ:
ಮಳೆಗಾಲದಲ್ಲಿ ಕರೆಂಟ್ ಇದ್ದರೆ ತಾನೇ ಮಾರಾಯ್ರೆ! ಗಾಳಿಮಳೆಗೆ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದ ಊರುಗಳಿಗೆ ತೇವ ಹೀರುವ ಸಿಲಿಕಾ ಜೆಲ್ಲೇ ಭರವಸೆ. ರಬ್ಬರ್ ಅಂಚಿನ, ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಶೂ ಇಟ್ಟು ಪ್ರತಿ ಶೂಗೆ 50 ಗ್ರಾಂ ಚೀಲ ಹಾಕಿ. ಬಣ್ಣ ಬದಲಾಗುವ ಕಿತ್ತಳೆ ಹರಳು ತಗೊಳ್ಳಿ. ತುಂಬಿಕೊಂಡ ಮೇಲೆ ಓವನ್‌ನಲ್ಲಿ 120 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟರೆ ಮತ್ತೆ ಕೆಲಸಕ್ಕೆ ಬರುತ್ತದೆ. ನೀಲಿ ಹರಳಿನಲ್ಲಿ ಕೋಬಾಲ್ಟ್ ಇರುತ್ತದೆ, ಅಡುಗೆಯ ಪಾತ್ರೆಗೆ ತಾಗಿಸಬೇಡಿ.

ಡಬ್ಬಿಗೆ ಹಾಕುವ ಶೂ ಪೂರ್ತಿ ಒಣಗಿರಬೇಕು. ಅರ್ಧ ಒದ್ದೆ ಶೂ ಮುಚ್ಚಿಟ್ಟರೆ ನೀವೇ ಬೂಷ್ಟು ಬೆಳೆದ ಹಾಗೆ.

ತುಂಗಾತೀರ:
ನೆನೆದು ಬಂದ ದಿನ? ನಮ್ಮಲ್ಲಿ ಬಚ್ಚಲೊಲೆ ಪಕ್ಕ ಇಡುವ ಅಭ್ಯಾಸ.

ವೆಲ್ಟ್‌ಪ್ರಿಯ:
ಬಚ್ಚಲೊಲೆ ಪಕ್ಕ ಖಂಡಿತ ಬೇಡ. ಒಣ ಚರ್ಮ ಬಿಸಿ ತಡೆದುಕೊಳ್ಳುತ್ತದೆ, ಒದ್ದೆ ಚರ್ಮ ತಡೆಯುವುದಿಲ್ಲ. ನೀರು ತುಂಬಿದ ನಾರು ಕಾದರೆ ಮುದುಡಿ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಕ್ರೀಮ್ ಹಚ್ಚಿದರೂ ಮೊದಲಿನಂತಾಗದು. ಒಳ ಅಟ್ಟೆ ಸಾಮಾನ್ಯವಾಗಿ ತೊಗಟೆಯಲ್ಲಿ ಹದ ಮಾಡಿದ ಚರ್ಮ, ಅದು ಇನ್ನೂ ಬೇಗ ಮುದುಡುತ್ತದೆ. ಗಮ್ ಕೂಡ ಬಿಸಿಗೆ ಬಿಡುತ್ತದೆ.

ಒದ್ದೆ ಬಟ್ಟೆಯ ಮಗ್ಗುಲು ಬದಲಿಸುತ್ತಾ ಕೆಮ್ಮಣ್ಣು ಒರೆಸಿ. ತಿಕ್ಕಿದರೆ ಮಣ್ಣಿನ ಕೆಂಪು ರಂಧ್ರಕ್ಕೆ ಇಳಿಯುತ್ತದೆ. ವೆಲ್ಟ್ ಸಂದಿಗೆ ಹಳೆ ಹಲ್ಲುಜ್ಜುವ ಬ್ರಷ್. ಲೇಸ್ ತೆಗೆದು, ನಾಲಿಗೆ ಹೊರಗೆ ಎಳೆದು, ಒಳಗೆ ಕಾಗದ ಸಡಿಲವಾಗಿ ತುರುಕಿ. ಮೊದಲ ಒಂದು ಗಂಟೆಗೆ ಕಾಗದ ಬದಲಿಸಿ, ಆಮೇಲೆ ಎರಡು ಮೂರು ಗಂಟೆಗೊಮ್ಮೆ. ಅಸ್ತರಿ ತಿಳಿ ಬಣ್ಣದ್ದಾದರೆ ಪೇಪರಿನ ಮಸಿ ಹತ್ತುತ್ತದೆ, ಬಿಳಿ ಹಾಳೆ ಬಳಸಿ. ಶೂವನ್ನು ಪಕ್ಕಕ್ಕೆ ಮಲಗಿಸಿ, ಅಟ್ಟೆಗೂ ಗಾಳಿ ಬೇಕು. ಒದ್ದೆ ಹೋದ ಮೇಲೆ ಆಕಾರ ಕೆಡದಂತೆ ಶೂ ಒಳಗಿಡುವ ದೇವದಾರಿನ ಅಚ್ಚು, ಅಂದರೆ ಶೂ ಟ್ರೀ ಹಾಕಿ. ಮಳೆಗಾಲದಲ್ಲಿ ಎರಡು ದಿನ ವಿಶ್ರಾಂತಿ ಕೊಡಿ. ಹಾಗಾಗಿಯೇ ವಾರಕ್ಕೆ ಐದು ದಿನ ಹಾಕುವವರಿಗೆ ಒಂದೇ ಜೊತೆ ಸಾಲದು.

ಜಂಬಿಟ್ಟಿಗೆ:
ತೋಟದ ದಾರಿ ಅಂದಿರಿ. ಇಂಬಳಕ್ಕೆ (ಜಿಗಣೆಗೆ) ಅಂತ ಶೂ ಮೇಲೆ ಉಪ್ಪು ಸವರಬೇಡಿ. ಉಪ್ಪು ಚರ್ಮದೊಳಗೆ ಇಳಿದು, ಒಣಗಿದಾಗ ಅಲೆಯ ಗೆರೆಯಂತೆ ಬಿಳಿಯಾಗಿ ಮೇಲೇಳುತ್ತದೆ, ಮತ್ತೆ ಮತ್ತೆ ತೇವ ಎಳೆಯುತ್ತದೆ. ಆಗಿಹೋಗಿದ್ದರೆ ಒಂದು ಪಾಲು ಬಿಳಿ ವಿನೆಗರ್‌ಗೆ ಎರಡು ಪಾಲು ನೀರು ಸೇರಿಸಿ ಒರೆಸಿ, ಆಮೇಲೆ ಬರೀ ನೀರಿನ ಬಟ್ಟೆಯಿಂದ ಒರೆಸಿ. ಗೆರೆ ಇರುವಲ್ಲಿ ಮಾತ್ರ ಅಲ್ಲ, ಆ ಇಡೀ ಭಾಗವನ್ನು ಸಮನಾಗಿ ತೇವ ಮಾಡಿ, ಇಲ್ಲವಾದರೆ ಹೊಸ ಗೆರೆ ಬೀಳುತ್ತದೆ. ರಸ್ತೆವರೆಗೆ ಗಮ್‌ಬೂಟ್ ಹಾಕಿ ಹೋಗಿ ಅಲ್ಲಿ ಶೂ ಬದಲಿಸುವುದೇ ಸರಿ.

ಸಾಗರ_ಎಂ:
ಕೊಬ್ಬರಿ ಎಣ್ಣೆ ಹಚ್ಚುವುದರ ಬಗ್ಗೆಯೂ ಹೇಳಬೇಕು. ಮನೆಯಲ್ಲಿ ಹಿರಿಯರು ಚಪ್ಪಲಿಗೆ ಹಚ್ಚುತ್ತಿದ್ದರು, ದಪ್ಪ ಚರ್ಮದ ಚಪ್ಪಲಿಗೆ ಅದು ನಡೆಯುತ್ತದೆ. ಫಾರ್ಮಲ್ ಶೂವಿನ ತೆಳು ಚರ್ಮ ಎಣ್ಣೆ ಕುಡಿದು ಜೋತುಬೀಳುತ್ತದೆ, ಮೇಣ ಹಿಡಿಯದೆ ಹೊಳಪು ಬರುವುದಿಲ್ಲ, ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟಿ ಮಡಿಕೆಯಲ್ಲಿ ಬೆಳ್ಳಗೆ ಕಾಣುತ್ತದೆ. ಜೊತೆಗೆ ಬೂಷ್ಟಿಗೂ ಊಟ.

ಕೋರ್ಟ್‌ರಸ್ತೆ:
ಪಾಲಿಶ್ ಕ್ರಮ ಹೇಳಿಬಿಡ್ತೇನೆ. ಗಾಜಿನ ಸೀಸೆಯ ಕ್ರೀಮ್ ಬೇರೆ, ಡಬ್ಬಿಯ ಮೇಣದ ಪಾಲಿಶ್ ಬೇರೆ. ಕ್ರೀಮ್ ಚರ್ಮಕ್ಕೆ ಎಣ್ಣೆಯಂಶ, ಬಣ್ಣ ಕೊಡುತ್ತದೆ. ಚೆರ್ರಿ ಬ್ಲಾಸಮ್, ಕಿವಿ (Kiwi) ಬ್ರ್ಯಾಂಡಿನಂಥ ಡಬ್ಬಿ ಪಾಲಿಶ್ ಮೇಲೆ ಹೊಳಪು ಕೊಟ್ಟು ನೀರು ತಡೆಯುತ್ತದೆ. ಬರೀ ಮೇಣ ಹಚ್ಚುತ್ತಾ ಹೋದರೆ ಚರ್ಮ ಒಳಗೆ ಒಣಗಿ ಮಡಿಕೆಯಲ್ಲಿ ಬಿರಿಯುತ್ತದೆ.

ಲೇಸ್ ತೆಗೆದು, ಕುದುರೆಕೂದಲಿನ ಬ್ರಷ್‌ನಿಂದ ಧೂಳು ಹೊಡೆದು, ಹಳೆ ಬನಿಯನ್ ಬಟ್ಟೆ ಬೆರಳಿಗೆ ಸುತ್ತಿ ಕ್ರೀಮ್ ತೆಗೆಯಿರಿ. ಪ್ರತಿ ಶೂಗೆ ಎರಡು ತೊಗರಿಬೇಳೆಯಷ್ಟು ಸಾಕು, ಹೆಚ್ಚು ಹಚ್ಚಿದರೆ ಅಂಟು ಉಳಿದು ಧೂಳು ಹಿಡಿಯುತ್ತದೆ. ಕಾಲು ಗಂಟೆ ಬಿಟ್ಟು ಬ್ರಷ್ ಹಾಕಿ. ಆಮೇಲೆ ಮೇಣ, ತೀರಾ ತೆಳುವಾಗಿ, ಹತ್ತು ನಿಮಿಷ ಬಿಟ್ಟು ಮತ್ತೆ ಬ್ರಷ್. ಕನ್ನಡಿ ಹೊಳಪು ಬೇಕಾದರೆ ಮೂತಿಗೂ ಹಿಮ್ಮಡಿಗೂ ಮಾತ್ರ. ಮಡಚುವ ಜಾಗಕ್ಕೆ ಮೇಣ ದಪ್ಪವಾದರೆ ಒಡೆದು ಬಿಳಿ ಗೆರೆ ಬೀಳುತ್ತದೆ. ಮಳೆಗಾಲಕ್ಕೆ ಮುಂಚೆ ವೆಲ್ಟ್ ಸಂದಿಗೆ ಬ್ರಷ್ಷಿನಿಂದ ಮೇಣ ತುಂಬಿ, ನೀರು ನುಗ್ಗುವುದು ಅಲ್ಲೇ. ಡಬ್ಬಿಯನ್ನು ಬೆಂಕಿಕಡ್ಡಿಯಿಂದ ಕಾಯಿಸುವವರಿದ್ದಾರೆ, ಒಳಗಿರುವುದು ಹೊತ್ತಿಕೊಳ್ಳುವ ದ್ರಾವಕ, ಬೇಡ.

ಹಾಕಿದ ಪ್ರತಿ ದಿನ ಒಂದು ನಿಮಿಷ ಬ್ರಷ್, ಎರಡು ಮೂರು ವಾರಕ್ಕೊಮ್ಮೆ ಕ್ರೀಮ್. ಸ್ಪಂಜ್ ಬಾಟಲಿಯ ದ್ರವ ಪಾಲಿಶ್ ಪ್ಲಾಸ್ಟಿಕ್ಕಿನಂಥ ಪದರ ಕಟ್ಟುತ್ತದೆ, ಒಳ್ಳೆ ಚರ್ಮಕ್ಕೆ ಮುಟ್ಟಿಸಬೇಡಿ.

ತುಂಗಾತೀರ:
ವೆಲ್ಟ್ ಶೂ ಅಟ್ಟೆ ಸವೆದರೆ ಇಲ್ಲೇ ಮಾಡಿಸಬಹುದಾ?

ವೆಲ್ಟ್‌ಪ್ರಿಯ:
ಹೀಲ್ ಕೆಳಗಿನ ರಬ್ಬರ್ ತುಂಡು ಬದಲಿಸುವುದನ್ನು ನಮ್ಮ ರಿಪೇರಿಯವರು ಚೆನ್ನಾಗಿ ಮಾಡುತ್ತಾರೆ. ರಬ್ಬರ್ ಪೂರ್ತಿ ಸವೆದು ಮೇಲಿನ ಚರ್ಮದ ಪದರ ನೆಲ ಮುಟ್ಟುವ ಮುಂಚೆ ಕೊಡಿ. ತಡವಾದರೆ ಆ ಪದರಗಳೂ ನೆನೆದು ಓರೆಯಾಗಿ ಸವೆಯುತ್ತವೆ, ಕೆಲಸ ದುಬಾರಿಯಾಗುತ್ತದೆ. ಅರ್ಧ ಅಟ್ಟೆ ಅಂಟಿಸುವುದೂ ಆಗುತ್ತದೆ: ಹಳೆಯದನ್ನು ಉಜ್ಜಿ ಒರಟು ಮಾಡಿ, ಎರಡೂ ಕಡೆ ಸಲ್ಯೂಷನ್ ಹಚ್ಚಿ, ಹತ್ತು ಹದಿನೈದು ನಿಮಿಷ ಬಿಟ್ಟು, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಬಡಿಯಬೇಕು. ಶೂ ಒಳಗೆ ತೇವ ಇದ್ದರೆ ಹಿಡಿಯುವುದಿಲ್ಲ, ಒಣಗಿಸಿಯೇ ಒಯ್ಯಿರಿ.

ಆದರೆ ಒಂದನ್ನು ಬಾಯಿಬಿಟ್ಟು ಹೇಳಿ: ದಬ್ಬಳ ಹಾಕಿ ಒಳ ಅಟ್ಟೆವರೆಗೆ ಹೊಲಿಯಬೇಡಿ ಅಂತ. ಅವರು ಗಟ್ಟಿಯಾಗಲಿ ಅಂತಲೇ ಹಾಗೆ ಹೊಲಿದುಕೊಡುತ್ತಾರೆ, ಆದರೆ ಆ ತೂತುಗಳಿಂದ ನೀರು ಬರುತ್ತದೆ, ಒಳಗಿನ ಕ್ಯಾನ್ವಾಸಿನ ಉಬ್ಬು ಅಂಚೂ ಹಾಳಾಗುತ್ತದೆ. ಹೊಲಿಗೆ ವೆಲ್ಟ್‌ನ ಹಳೇ ತೂತಿನಲ್ಲೇ, ಮೇಣ ಹಾಕಿದ ನೈಲಾನ್ ದಾರದಲ್ಲಿ ಆಗಬೇಕು. ಪೂರ್ತಿ ಅಟ್ಟೆ ಬದಲಿಸುವುದಾದರೆ ಶೂ ಮಾಡಿದ ಕಂಪನಿಗೇ ಕಳಿಸುವುದು ಮೇಲು. ಕೊಳ್ಳುವಾಗಲೇ ಆ ಸೇವೆ ಇದೆಯಾ, ಎಷ್ಟಾಗುತ್ತದೆ ಕೇಳಿ.

ತುಂಗಾತೀರ:
ಹಾಗಾದರೆ 10,000ಕ್ಕೆ ಒಂದೇ ವೆಲ್ಟ್ ಶೂ ತಗೊಳ್ಳಲಾ, ಅಥವಾ 4,000ದ ಎರಡು ಅಂಟಿಸಿದ ಜೊತೆಯಾ?

ಕೋರ್ಟ್‌ರಸ್ತೆ:
ಈಗ ಯಾವ ತಿಂಗಳು ನೋಡಿ ನಿರ್ಧರಿಸಿ ಸರ್. ಮಳೆ ಹತ್ತಿರ ಇದ್ದರೆ 3,000 ಒಳಗೆ ಟಿಪಿಆರ್ ಸೋಲಿನ, ಚರ್ಮದ ಅಸ್ತರಿಯ ಸಾದಾ ಡರ್ಬಿ ಒಂದು ತಗೊಂಡು ಈ ಮಳೆಗಾಲ ಅದರಲ್ಲಿ ಕಳೆಯಿರಿ. ಉಳಿದ ಹಣಕ್ಕೆ ಸ್ವಲ್ಪ ಸೇರಿಸಿ ಅಕ್ಟೋಬರ್‌ನಲ್ಲಿ ರಬ್ಬರ್ ಅಟ್ಟೆಯ ವೆಲ್ಟ್ ಶೂ ಕೊಳ್ಳಿ. ಒಣ ತಿಂಗಳುಗಳಲ್ಲಿ ಹಾಕಿದರೆ ಕಾರ್ಕ್ ನಿಮ್ಮ ಪಾದದ ಆಕಾರಕ್ಕೆ ಕೂರುತ್ತದೆ, ಮುಂದಿನ ಜೂನ್‌ಗೆ ಎರಡು ಜೊತೆ ಸರದಿಯಲ್ಲಿ ಇರುತ್ತವೆ. ಎರಡು ಶೂ ಟ್ರೀ, ಒಂದು ಕುದುರೆಕೂದಲಿನ ಬ್ರಷ್, ಒಂದು ಸೀಸೆ ಕಪ್ಪು ಕ್ರೀಮ್‌ಗೆ ದುಡ್ಡು ಮೊದಲೇ ಎತ್ತಿಡಿ.

ಜಂಬಿಟ್ಟಿಗೆ:
ಒಪ್ಪಿದೆ. ಆ 3,000ದ ಶೂ ತಗೊಳ್ಳುವಾಗಲೂ ಅಟ್ಟೆಯ ಅಚ್ಚು ಓದಿ. ಪಿಯು ಅಂತಿದ್ದರೆ ವಾಪಸ್ ಇಡಿ.